ಓದಿದವರು, ನೋಡಿದವರು

ಕಳೆದ ವರ್ಷ ಅಕ್ಟೋಬರ್ ತಿಂಗಳ ಕೊನೆಯ ಶನಿವಾರ ಸಂಜೆ ಐದೂವರೆಗೆ, ವಡೋದರದ ಗೋರ್ವಾದಲ್ಲಿರುವ ಆನ್‌ಲೈನ್ ಅಂಗಡಿಯೊಂದರ ಕಚೇರಿಯಲ್ಲಿ ಅರುವತ್ತಾರು ವರ್ಷದ ಕ್ಯಾಟಲಾಗ್ ಪರಿಶೀಲಕರೊಬ್ಬರನ್ನು ಕೆಲಸದಿಂದ ಬಿಡಿಸಲಾಯಿತು. ಕಡತದಲ್ಲಿ ಕಾರಣವಾಗಿ ಒಂದೇ ಸಾಲಿದೆ: ವೆಬ್ ವಿಳಾಸಗಳ ಪರಿಶೀಲನೆಯಲ್ಲಿ ಲೋಪ. ಲೋಪ ನಡೆದದ್ದು ನಿಜ. ಅದು ನಡೆದಾಗ ಆ ಮೇಜಿನ ಮುಂದೆ ಇಬ್ಬರು ಕೂತಿದ್ದೆವು. ಎರಡನೆಯವಳು ನಾನು.

ಕಚೇರಿಯಲ್ಲಿ ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಗುಜರಾತಿಯಲ್ಲೂ ಚಿಕ್ಕಪ್ಪ ಎಂದರೆ ಕಾಕಾ, ಅವರ ಹುಬ್ಬಳ್ಳಿಯಲ್ಲೂ ಕಾಕಾ. ಆ ಒಂದು ಹೆಸರು ಎರಡು ಕಡೆಯೂ ನಡೆದುಹೋಯಿತು. ಇಲ್ಲಿಯೂ ಅದನ್ನೇ ಬಳಸುತ್ತೇನೆ.

ನಾನು ಬೆಂಗಳೂರಿನ ಪತ್ರಿಕೆಯೊಂದರ ಸುದ್ದಿಮೇಜಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವಳು. ಗಂಡನಿಗೆ ಬ್ಯಾಂಕಿನಲ್ಲಿ ವಡೋದರಕ್ಕೆ ವರ್ಗವಾದಾಗ ಫತೇಗಂಜ್‌ನಲ್ಲಿ ಮನೆ ಹಿಡಿದೆವು. ಮೊದಲ ದಿನ ಮೆಟ್ಟಿಲ ಮೇಲೆ ಪೆಟ್ಟಿಗೆ ಎತ್ತಿಕೊಂಡು ಬರುತ್ತಿದ್ದವಳು, ಹಾಲಿನ ವಾಸನೆ ಬಂದು, ಒಳಗಿದ್ದ ಗಂಡನಿಗೆ ಕೂಗಿ ಹೇಳಿದೆ, "ಹಾಲು ಉಕ್ತಾ ಇದೆ ಕಣ್ರೀ, ಸ್ಟವ್ ಆರ್ಸಿ!"

ಕೆಳಮನೆಯ ಬಾಗಿಲಿನಿಂದ ಒಂದು ದಪ್ಪ ದನಿ ಬಂತು: "ಆರಿಸಬ್ಯಾಡ್ರಿ! ಹೊಸ ಮನ್ಯಾಗ ಹಾಲು ಉಕ್ಕಬೇಕು!"

ಅದು ಕಾಕಾ. ರೈಲ್ವೆಯಲ್ಲಿ ಸಹಾಯಕ ಚಾಲಕನಾಗಿ ಸೇರಿ, ಗೂಡ್ಸ್ ಗಾಡಿಯ ಚಾಲಕನಾಗಿ, ವಡೋದರದಲ್ಲೇ ನಿವೃತ್ತರಾದವರು. ನಮ್ಮ ಪರಿಚಯವಾಗುವ ಹೊತ್ತಿಗೆ ಮನೆಯಲ್ಲಿ ಕೂತು ಐದು ವರ್ಷವಾಗಿತ್ತು. "ಗೋಡಿ ಎಣಸಾಕತ್ತೀನ್ರಿ. ನಾಲ್ಕ ಅದಾವ. ದಿನಾ ಎಣಿಸಿದ್ರೂ ನಾಲ್ಕ" ಎಂದರು. ಆಗ ನಾನು ಗೋರ್ವಾದ ಅಂಗಡಿಯಲ್ಲಿ ಕ್ಯಾಟಲಾಗಿನ ಬರಹ ವಿಭಾಗ ನೋಡಿಕೊಳ್ಳಲು ಸೇರಿದ್ದೆ. ಮನೆಯಲ್ಲೇ ರೋಗಿಗಳನ್ನು ನೋಡಿಕೊಳ್ಳುವವರಿಗೆ ಬೇಕಾದ ಸಾಮಾನು ಮಾರುವ ಅಂಗಡಿ ಅದು: ರಕ್ತದೊತ್ತಡ ನೋಡುವ ಯಂತ್ರ, ಬಿಸಿನೀರಿನ ಚೀಲ, ಊರುಗೋಲು, ಇನ್ಸುಲಿನ್ ಸಿರಿಂಜು. ಸಾವಿರಾರು ಸಾಮಾನು, ಪ್ರತಿಯೊಂದಕ್ಕೂ ಪಟ್ಟಿಯಲ್ಲಿ ಒಂದು ಸಾಲು, ಸಾಲಿನ ಕೊನೆಯಲ್ಲಿ ಆ ಸಾಮಾನಿನ ಪುಟ ತೆರೆಯುವ ವೆಬ್ ವಿಳಾಸ. ವಿಳಾಸಗಳನ್ನು ತೆರೆದು ನೋಡುವ ಕೆಲಸಕ್ಕೆ ಜನ ಬೇಕಾಗಿತ್ತು. ಬಂದ ಯುವಕರು ತಿಂಗಳೆರಡು ತಿಂಗಳಲ್ಲಿ ಬೇಸತ್ತು ಬಿಡುತ್ತಿದ್ದರು. ನಾನು ಕಾಕಾ ಅವರ ಹೆಸರು ಸೂಚಿಸಿದೆ.

ಸಂದರ್ಶನ ಅಹಮದಾಬಾದಿನ ಮುಖ್ಯ ಕಚೇರಿಯಲ್ಲಿ ನಡೆಯಿತು. ಅಲ್ಲಿನ ವ್ಯವಸ್ಥಾಪಕರು ನಲವತ್ತರ ಆಸುಪಾಸಿನವರು, ಮಾತಿನಲ್ಲಿ ಚುರುಕು. ಹಿಂದಿಯಲ್ಲಿ ಕೇಳಿದರು, "ಕಾಕಾ, ಕಂಪ್ಯೂಟರ್ ಆತಾ ಹೈ?"

"ಪಢನಾ ಆತಾ ಹೈ, ಸಾಹಬ್."

ಓದುವುದು ಎಲ್ಲರಿಗೂ ಬರುತ್ತದಲ್ಲ ಎಂದು ವ್ಯವಸ್ಥಾಪಕರು ನಕ್ಕರು. "ಸಬ್ ಕೋ ಆತಾ, ತೋ ಮುಝೆ ಕ್ಯೂಂ ಬುಲಾಯಾ?" ಎಂದರು ಕಾಕಾ; ಎಲ್ಲರಿಗೂ ಬರುವುದಾದರೆ ನನ್ನನ್ನೇಕೆ ಕರೆದಿರಿ ಎಂದು. ಒಂದು ವರ್ಷದ ಗುತ್ತಿಗೆಯ ಮೇಲೆ ಕೆಲಸ ಸಿಕ್ಕಿತು.

ಅವರು ಕೈಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಬದಿಗೆ ತಿರುಗಿಸಿ ಕಟ್ಟುತ್ತಿದ್ದರು. ಇಂಜಿನ್ನಿನ ಹಿಡಿಕೆಯ ಮೇಲೆ ಕೈ ಇಟ್ಟುಕೊಂಡೇ ಹೊತ್ತು ನೋಡಿದ ಅಭ್ಯಾಸ ಅದು. ಮಧ್ಯಾಹ್ನದ ಡಬ್ಬಿಯಲ್ಲಿ ಖಾಖರಾ ಇರುತ್ತಿತ್ತು, ಅದರ ಮೇಲೆ ಊರಿಂದ ತರಿಸಿದ ಶೇಂಗಾ ಚಟ್ನಿಪುಡಿ. "ಇದು ನಮ್ಮ ಕಡಕ್ ರೊಟ್ಟಿ ತಮ್ಮ. ಈ ಕಡೆ ಹುಟ್ಟ್ಯಾನ, ಸ್ವಲ್ಪ ಸಣ್ಣಾಗ್ಯಾನ" ಎನ್ನುತ್ತಿದ್ದರು. ಯಾರಾದರೂ ಹಿಂದಿನಿಂದ ಬಂದು ಭುಜ ಮುಟ್ಟಿದರೆ ತಿರುಗುತ್ತಿರಲಿಲ್ಲ. ಓದುತ್ತಿದ್ದ ಸಾಲು ಮುಗಿಸಿ, ಅಲ್ಲಿ ಪೆನ್ಸಿಲ್ ಇಟ್ಟು, ಆಮೇಲೆ ತಿರುಗುತ್ತಿದ್ದರು. ಮುಖ್ಯ ಕಚೇರಿಯ ಫೋನಿಗೂ ಇದೇ ನಿಯಮ. ವ್ಯವಸ್ಥಾಪಕರಿಗೆ ಇದು ಹಿಡಿಸುತ್ತಿರಲಿಲ್ಲ.

ವಿಳಾಸಗಳನ್ನು ತೆರೆದು ನೋಡಲು ನಮ್ಮಲ್ಲಿ ಒಂದು ತಂತ್ರಾಂಶವೂ ಇತ್ತು. ವಿಳಾಸ ತೆರೆದರೆ ಹಸಿರು, ತೆರೆಯದಿದ್ದರೆ ಕೆಂಪು. ಯಂತ್ರ ಎರಡು ನಿಮಿಷದಲ್ಲಿ ಮಾಡುವುದನ್ನು ಕಾಕಾ ಎರಡು ದಿನ ಮಾಡುತ್ತಾರೆ ಎಂದು ವ್ಯವಸ್ಥಾಪಕರು ಫೋನಿನಲ್ಲಿ ಆಗಾಗ ಚುಚ್ಚುತ್ತಿದ್ದರು. ಕಾಕಾ ಆ ಹಸಿರನ್ನು ನಂಬುತ್ತಿರಲಿಲ್ಲ.

"ಸತ್ತ ಲಿಂಕು ಚಲೋ, ತಂಗೀ" ಎಂದು ಒಮ್ಮೆ ನನಗೆ ಹೇಳಿದರು. "ಅದು ಸತ್ತೀನಿ ಅಂತ ತಾನ ಹೇಳ್ತೈತಿ. ಗಿರಾಕಿ ತಿರುಗಿ ಹೋಗ್ತಾನ, ಅಷ್ಟ. ತಪ್ಪು ಮನಿ ಬಾಗಿಲಾ ತಗದು, ಬರ್ರಿ ಕುಂದರ್ರಿ ಅಂತೈತಲ್ಲ, ಆ ಲಿಂಕು ಕೆಟ್ಟದ್ದು."

ಅಂಥವನ್ನು ಅವರು ಹಿಡಿದದ್ದಕ್ಕೆ ದಾಖಲೆ ಇದೆ. ಬಿಸಿನೀರಿನ ಚೀಲದ ವಿಳಾಸ ತಣ್ಣನೆಯ ಪಟ್ಟಿಯ ಪುಟಕ್ಕೆ ಹೋಗುತ್ತಿತ್ತು. ಎಡ ಮೊಣಕಾಲಿನ ಪಟ್ಟಿಯೂ ಬಲದ್ದೂ ಒಂದೇ ಪುಟಕ್ಕೆ ಹೋಗುತ್ತಿದ್ದವು. ಒಂದು ಗಾಲಿಕುರ್ಚಿಯ ವಿಳಾಸದಲ್ಲಿ ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ಓ ಅಕ್ಷರ ಕೂತಿತ್ತು. ಎಲ್ಲವಕ್ಕೂ ಯಂತ್ರ ಹಸಿರು ಕೊಟ್ಟಿತ್ತು. ನಮ್ಮ ಅಂಗಡಿಯ ವೆಬ್‌ಸೈಟಿಗೆ ಒಂದು ಚಾಳಿ ಇತ್ತು: ವಿಳಾಸ ಪೂರ್ತಿ ಸರಿಯಿಲ್ಲದಿದ್ದರೆ, ಇಲ್ಲ ಎನ್ನುವ ಬದಲು ಅದಕ್ಕೆ ಹತ್ತಿರದ ಹೆಸರಿನ ಪುಟವನ್ನು ತೆರೆದುಬಿಡುತ್ತಿತ್ತು. ಗಿರಾಕಿ ಬರಿಗೈಲಿ ಹೋಗಬಾರದೆಂದು ಹಾಗೆ ಮಾಡಿದ್ದರು.

ಕಾಕಾ ಕೆಲಸ ಮಾಡುತ್ತಿದ್ದ ಕ್ರಮ ರೈಲ್ವೆಯದು. ಗಾಡಿಯಲ್ಲಿ ಸಿಗ್ನಲ್ ಕಂಡಾಗ ಚಾಲಕ ಅದರ ಬಣ್ಣವನ್ನು ಗಟ್ಟಿಯಾಗಿ ಕೂಗುತ್ತಾನೆ. ಪಕ್ಕದ ಸಹಾಯಕ ತಾನೂ ನೋಡಿ ಕೂಗುತ್ತಾನೆ. ಅದೇ ಕ್ರಮವನ್ನು ಅವರು ಗೋರ್ವಾದ ಮೇಜಿಗೆ ತಂದರು. ಪಟ್ಟಿಯನ್ನು ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡು ಕೂತು, ಸಾಲಿನ ಮೇಲೆ ಬೆರಳಿಟ್ಟು, ಸಾಮಾನಿನ ಹೆಸರು ಮತ್ತು ಅಳತೆಯನ್ನು ಓದುತ್ತಿದ್ದರು. ಎದುರಿಗೆ ಪರದೆಯ ಮುಂದೆ ಕೂತವರು ಆ ಸಾಲಿನ ವಿಳಾಸ ತೆರೆದು, ಪುಟದ ತಲೆಯಲ್ಲಿ ಏನಿದೆಯೋ ಅದನ್ನು ಗಟ್ಟಿಯಾಗಿ ಹೇಳಬೇಕು. ಎರಡೂ ಒಂದೇ ಆದರೆ ಗುರುತು. ಇದಕ್ಕಾಗಿ ಒಂದು ಉದ್ದ ಪುಸ್ತಕದಲ್ಲಿ ತಾವೇ ಗೆರೆ ಎಳೆದು ಎರಡು ಕಲಮು ಮಾಡಿದ್ದರು: ಓದಿದವರು, ನೋಡಿದವರು. ದಿನದ ಕೊನೆಗೆ ಇಬ್ಬರೂ ಸಹಿ ಹಾಕಬೇಕು. ನೋಡುವವರ ಕುರ್ಚಿಯಲ್ಲಿ ಸಾಮಾನ್ಯವಾಗಿ ನಾನು ಕೂರುತ್ತಿದ್ದೆ, ಬೇರೆ ಯಾರಿಗೂ ಪುರುಸೊತ್ತಿರಲಿಲ್ಲವಾದ್ದರಿಂದ.

ಅವರ ಮನೆಯಲ್ಲೂ ಇದೇ ನಡೆಯುತ್ತಿತ್ತು. ಅವರ ಹೆಂಡತಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಏಳಕ್ಕೆ, ಸಂಜೆ ಏಳೂವರೆಗೆ ಇನ್ಸುಲಿನ್. ಕಾಕಾ ಸಿರಿಂಜು ತುಂಬಿ "ಹದಿನೆಂಟು" ಎನ್ನುತ್ತಿದ್ದರು. ಆಕೆ ಕನ್ನಡಕ ಏರಿಸಿ ಗೆರೆ ನೋಡಿ "ಹದಿನೆಂಟು" ಎಂದ ಮೇಲೆಯೇ ಸೂಜಿ. "ನಲವತ್ತು ವರ್ಷದಾಗ ಒಮ್ಮೆರ ನನ್ನ ಮಾತು ಕೇಳ್ಯಾರೇನ ಕೇಳವ್ವಾ" ಎಂದು ಆಕೆ ನನ್ನೆದುರು ದೂರಿದರು. "ಈ ಸಿರಿಂಜು ಬಂದ ಮ್ಯಾಲೆ ದಿನಕ್ಕ ಎರಡು ಸಲ ಕೇಳಾಕತ್ಯಾರ."

ಅಕ್ಟೋಬರಿನಲ್ಲಿ ದೀಪಾವಳಿಯ ರಿಯಾಯಿತಿ ಮಾರಾಟ ಇತ್ತು. ಹಿಂದೆ ಕೊಂಡವರೆಲ್ಲರ ಮೊಬೈಲಿಗೆ, ಅವರು ಕೊಂಡ ಅದೇ ಸಾಮಾನಿನ ವಿಳಾಸವನ್ನು "ಮತ್ತೆ ತರಿಸಿ" ಎಂಬ ಸಂದೇಶವಾಗಿ ಬುಧವಾರ ಬೆಳಿಗ್ಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಅದಕ್ಕಾಗಿ ಅಹಮದಾಬಾದಿನವರು ಪಟ್ಟಿಯನ್ನು ಹೊಸ ವ್ಯವಸ್ಥೆಗೆ ದಾಟಿಸಿ, ನಮಗೆ ಸೋಮವಾರ ಸಂಜೆ ಕಳಿಸಿದರು. ಪರಿಶೀಲನೆಗೆ ಉಳಿದದ್ದು ಮಂಗಳವಾರ ಒಂದೇ ದಿನ. ಸಾಲುಗಳು ಎಂದಿನದಕ್ಕಿಂತ ಮೂರು ಪಟ್ಟು.

ಹೊಸ ವ್ಯವಸ್ಥೆಯಲ್ಲಿ ವಿಳಾಸದ ಕಲಮು ಇಂತಿಷ್ಟೇ ಅಕ್ಷರ ಹಿಡಿಯುತ್ತಿತ್ತು. ಅದಕ್ಕಿಂತ ಉದ್ದದ ವಿಳಾಸಗಳ ಬಾಲ ಕತ್ತರಿಸಿ ಹೋಗಿತ್ತು. ಇದು ಆಗ ಯಾರಿಗೂ ಗೊತ್ತಿರಲಿಲ್ಲ.

ಇನ್ಸುಲಿನ್ ಸಿರಿಂಜುಗಳಲ್ಲಿ ಎರಡು ಬಗೆ. ಯು-40 ಎಂಬುದಕ್ಕೆ ಕೆಂಪು ಮುಚ್ಚಳ, ಯು-100 ಎಂಬುದಕ್ಕೆ ಕಿತ್ತಳೆ ಬಣ್ಣದ್ದು. ಔಷಧದ ಸೀಸೆಯಲ್ಲೂ ಇವೇ ಎರಡು ಬಗೆ. ಸೀಸೆಗೆ ತಕ್ಕ ಸಿರಿಂಜನ್ನೇ ಬಳಸಬೇಕು. ನಮ್ಮ ಪಟ್ಟಿಯಲ್ಲಿ ಎರಡರ ವಿಳಾಸವೂ ಉದ್ದವಾಗಿತ್ತು, ಕೊನೆಯ ಅಂಕಿಯ ಹೊರತು ಎಲ್ಲ ಒಂದೇ. ಆ ಅಂಕಿಯೇ ಕತ್ತರಿಸಿಹೋಗಿತ್ತು. ಹೀಗಾಗಿ ಎರಡೂ ವಿಳಾಸಗಳು ಮೊದಲು ಪಟ್ಟಿಗೆ ಸೇರಿದ್ದ ಯು-40ರ ಪುಟವನ್ನು ತೆರೆಯುತ್ತಿದ್ದವು. ಯಂತ್ರ ಎರಡಕ್ಕೂ ಹಸಿರು ಕೊಟ್ಟಿತು.

ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಅಹಮದಾಬಾದಿನಿಂದ ನನ್ನ ಮೊಬೈಲಿಗೆ ಬಿಡದೆ ಸಂದೇಶ ಬರುತ್ತಿದ್ದವು. ಜಾಹೀರಾತಿನ ಸಾಲು ಬದಲಿಸಿ, ಇನ್ನೊಮ್ಮೆ ಬದಲಿಸಿ. ನಾನು ಒಂದು ಕೈಯಲ್ಲಿ ಅದಕ್ಕೆ ಉತ್ತರ ಬರೆಯುತ್ತ, ಇನ್ನೊಂದರಲ್ಲಿ ವಿಳಾಸಗಳನ್ನು ಒತ್ತುತ್ತಿದ್ದೆ. ಕಾಕಾ "ಇನ್ಸುಲಿನ್ ಸಿರಿಂಜು, ಯು ನೂರು" ಎಂದರು. ನಾನು "ಯು ನೂರು" ಎಂದೆ. ಪರದೆಯ ಮೇಲೆ ನಲವತ್ತು ಇತ್ತು. ನನ್ನ ಕಣ್ಣು ಮೊಬೈಲಿನ ಮೇಲಿತ್ತು.

ಒಂದೆರಡು ಪುಟ ಕಳೆದ ಮೇಲೆ ಕಾಕಾ ಬೆರಳು ನಿಲ್ಲಿಸಿದರು. "ಇವತ್ತ ಬಾಳ ಜೋರ್ ಹೊಂಟೀವಿ. ಕಂಡದ್ದ ಹೇಳಾಕತ್ತಿ ಹೌದಲ್ಲೋ, ತಂಗೀ?"

"ಹೌದು ಕಾಕಾ" ಎಂದೆ.

ಸಂಜೆ ಇಬ್ಬರೂ ಸಹಿ ಹಾಕಿದೆವು. ಬುಧವಾರ ಬೆಳಿಗ್ಗೆ ಸಂದೇಶಗಳು ಹೋದವು.

ಕಾಕಾಗೆ ಇನ್ನೊಂದು ಅಭ್ಯಾಸವಿತ್ತು. ದೊಡ್ಡ ಪಟ್ಟಿ ಮುಗಿದ ಎರಡು ಮೂರು ದಿನದ ಮೇಲೆ, ಅದರಿಂದ ಕೆಲವು ಸಾಲುಗಳನ್ನು ತಾವೊಬ್ಬರೇ ತೆರೆದು ನೋಡುವುದು. ಗಾಡಿ ನಿಂತ ಮೇಲೆ ಚಕ್ರ ಮುಟ್ಟಿ ನೋಡಿದ ಹಾಗೆ ಎನ್ನುತ್ತಿದ್ದರು. ಶುಕ್ರವಾರ ಹತ್ತೂವರೆಗೆ ಅವರು ನನ್ನ ಮೇಜಿಗೆ ಬಂದು ನಿಂತರು. ಓದುತ್ತಿದ್ದ ಸಾಲನ್ನು ಅರ್ಧಕ್ಕೆ ಬಿಟ್ಟು ಎದ್ದು ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಸಿರಿಂಜಿನ ಸಾಲು. ನೋಡಿದ್ದಿ?"

"ಇಲ್ಲ ಕಾಕಾ. ನೀವು ಹೇಳಿದ್ದನ್ನೇ ಹೇಳಿಬಿಟ್ಟೆ."

ಬಯ್ಯಲಿಲ್ಲ. ಕೈಲಿದ್ದ ಕಾಗದ ತೋರಿಸಿದರು. ಉದ್ದದ ವಿಳಾಸಗಳ ತುದಿ ಕಾಗದದ ಅಂಚಿನಲ್ಲಿ ಯಾವಾಗಲೂ ಕತ್ತರಿಸಿರುತ್ತಿತ್ತು. ಅಚ್ಚಿನ ಯಂತ್ರದ ದೋಷ, ನಮಗೆಲ್ಲ ರೂಢಿಯಾಗಿತ್ತು. "ಹಾಳಿ ಕಡದೈತಿ ಅಂತ ತಿಳಕೊಂಡೆ. ಒಳಗಿನ ವಿಳಾಸನ ಕಡದಿತ್ತು. ಎರಡು ತಪ್ಪು. ಒಂದು ನಂದು, ಒಂದು ನಿಂದು." ಆಮೇಲೆ ಕೇಳಿದರು, "ಎಷ್ಟು ಪೆಟಗಿ ಹೊರಗ ಹೋಗ್ಯಾವ?"

ಯು-100 ಬಳಸುವ ನಾಲ್ವರು ಆ ಸಂದೇಶ ಒತ್ತಿ ಯು-40 ತರಿಸಿದ್ದರು. ಮೂರು ಪೆಟ್ಟಿಗೆ ಇನ್ನೂ ದಾರಿಯಲ್ಲಿದ್ದವು, ತಡೆದೆವು. ನಾಲ್ಕನೆಯದು ಅಂದು ಬೆಳಿಗ್ಗೆ ಒಂಬತ್ತಕ್ಕೆ ಸೂರತ್‌ನ ಅಡಾಜಣ್‌ನಲ್ಲಿ ಒಂದು ಫ್ಲ್ಯಾಟಿಗೆ ತಲುಪಿಯಾಗಿತ್ತು.

ಆ ಪೆಟ್ಟಿಗೆಯಿಂದ ಆಗುವುದನ್ನು ಕಾಕಾ ಕಾಗದದ ಹಿಂಬದಿಯಲ್ಲಿ ಬರೆದು ತೋರಿಸಿದರು. ನೂರರ ಔಷಧವನ್ನು ಕೆಂಪು ಸಿರಿಂಜಿನಲ್ಲಿ ಇಪ್ಪತ್ತರ ಗೆರೆಗೆ ಎಳೆದರೆ ಮೈಗೆ ಹೋಗುವುದು ಇಪ್ಪತ್ತಲ್ಲ, ಐವತ್ತು. ಸಕ್ಕರೆ ಒಮ್ಮೆಲೇ ಇಳಿದು ಮನುಷ್ಯ ಬೀಳುತ್ತಾನೆ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಏಳುವುದೂ ಕಷ್ಟ.

ಆರ್ಡರಿನಲ್ಲಿದ್ದ ಫೋನ್ ಸಂಖ್ಯೆ ಸ್ವಿಚ್ ಆಫ್. ಹಿಂದಿನ ಒಂದು ಕರೆಯ ಟಿಪ್ಪಣಿ ಸಿಕ್ಕಿತು: ಫೋನು ಸೊಸೆಯದು, ಸೊಸೆ ಶಾಲೆಯ ಶಿಕ್ಷಕಿ, ಔಷಧ ಅತ್ತೆಗೆ, ದಿನಕ್ಕೊಮ್ಮೆ, ರಾತ್ರಿ ಊಟದ ಮುಂಚೆ. ಶಾಲೆಗಳಲ್ಲಿ ಆಗ ಪರೀಕ್ಷೆಯ ದಿನಗಳು. ಸೂರತ್‌ನ ವಿತರಣಾ ಕೇಂದ್ರದವರು ನಾಳೆ ಬೆಳಿಗ್ಗೆ ಆಳು ಕಳಿಸುತ್ತೇವೆ ಎಂದರು. ವ್ಯವಸ್ಥಾಪಕರಿಗೆ ನಾನು ಮೂರು ಸಲ ಫೋನ್ ಮಾಡಿದೆ. ಮೂರನೆಯ ಸಲ, ಎರಡೂವರೆಗೆ, ಸ್ಪೀಕರಿನಲ್ಲಿ ಹಿಂದಿಯಲ್ಲೇ ಮಾತಾಡಿದರು.

"ಮೆಸೇಜ್ ಕಳಿಸಿಯಾಗಿದೆ, ಮೇಡಮ್. ಬಳಸಬೇಡಿ ಅಂತ ಸ್ಪಷ್ಟವಾಗಿ ಹೇಳಿದ್ದೇವೆ. ಪ್ರೊಸೀಜರ್ ಇಷ್ಟೇ."

"ಯಾವ ಫೋನಿಗೆ ಕಳಿಸಿದಿರಿ ಸಾಹೇಬರೇ?" ಎಂದು ಕಾಕಾ ಹಿಂದಿಯಲ್ಲಿ ಕೇಳಿದರು.

"ರಿಜಿಸ್ಟರ್ಡ್ ನಂಬರಿಗೆ."

"ಅದು ಬಂದ್ ಐತಿ" ಎಂದು ಈ ಸಲ ಕನ್ನಡದಲ್ಲೇ ಹೇಳಿ, ಅರ್ಧ ದಿನದ ರಜೆ ಚೀಟಿ ಬರೆಯತೊಡಗಿದರು. ಅವರು ಸೂರತ್‌ಗೆ ಹೊರಟಿದ್ದಾರೆ ಎಂದು ನಾನು ಹಿಂದಿಯಲ್ಲಿ ಹೇಳಿದೆ. ಕಾಕಾ, ಸಿನಿಮಾ ಮಾಡಬೇಡಿ ಎಂದು ಫೋನು ನಕ್ಕಿತು. ನಾನೂ ಒಂದು ರಜೆ ಚೀಟಿ ಬರೆದೆ. ಗೋದಾಮಿನಿಂದ ಕಿತ್ತಳೆ ಮುಚ್ಚಳದ ಒಂದು ಪೊಟ್ಟಣವನ್ನು ನನ್ನ ಹೆಸರಿನಲ್ಲಿ ಖರೀದಿಸಿ ಚೀಲಕ್ಕೆ ಹಾಕಿಕೊಂಡೆ.

ಮೂರೂ ಮುಕ್ಕಾಲಿನ ಗಾಡಿ ಸಿಕ್ಕಿತು. ಕಾಕಾ ಕಿಟಕಿಯ ಪಕ್ಕ ಕೂತು ಮಣಿಕಟ್ಟು ತಿರುಗಿಸಿ ನೋಡಿದರು. ಭರೂಚ್‌ನ ಸೇತುವೆಗೆ ಮುಂಚೆ ಗಾಡಿ ನಿಂತಿತು. ಐದು ನಿಮಿಷ, ಹತ್ತು, ಇಪ್ಪತ್ತು. ಸಿಗ್ನಲ್ ಕೆಂಪಿರಬೇಕು ಎಂದೆ.

"ನಿನಗ ಕಾಣಸತೈತೇನು?"

"ಇಲ್ಲ."

"ಮತ್ತ ಹೇಳಬ್ಯಾಡ." ಆಮೇಲೆ ಅವರೇ ಮಾತು ಮುಂದುವರಿಸಿದರು. "ನಾನೂ ಹೇಳಿದ್ದೆ ಒಮ್ಮೆ. ಸಹಾಯಕ ಇದ್ದೆ ಆವಾಗ. ಆಣಂದ್ ಹತ್ತರ. ಉಸ್ತಾದ ಹಸಿರು ಅಂದ, ನಾನೂ ಹಸಿರು ಅಂದೆ. ನಾನು ಬುತ್ತಿ ಬಿಚ್ಚಾಕತ್ತಿದ್ದೆ. ಅವನು ಮತ್ತೊಮ್ಮೆ ತಲಿ ಎತ್ತಿ ನೋಡೂದ್ರಾಗ ಕೆಂಪಾಗಿತ್ತು. ಬ್ರೇಕು ಹಾಕಿದ. ಕಂಬದ ಬುಡದಾಗ ನಿಂತಿತು ಗಾಡಿ."

"ಏನಂದ್ರು ಅವರು?"

"ವಡೋದರಾ ಮುಟ್ಟಿದ್ವಿ. ಇಳಿಯೂಮುಂದ ಅಂದ: ಕಿವಿ ಕೇಳಿದ್ದನ್ನ ಬಾಯಿ ಹೇಳೂದಾದ್ರ, ರೈಲ್ವೆದವರು ಎರಡನೇ ಮನಷ್ಯಾಗ ಪಗಾರ ಯಾಕ ಕೊಡತಾರ?" ಕಾಕಾ ಹೊರಗೆ ನೋಡಿದರು. "ಬುತ್ತಿ ಮಾತ್ರ ಅವನ ತಿಂದ. ಶಿಕ್ಷಾ ಅಂದ."

ಗಾಡಿ ಸೂರತ್ ಮುಟ್ಟಿದಾಗ ಆರೂ ಹತ್ತು. ಸ್ಟೇಷನ್ನಿನ ಹೊರಗೆ ಆಟೊ ಹಿಡಿದೆವು. ಹಬ್ಬದ ಖರೀದಿಯ ಜನ. ತಾಪಿ ನದಿಯ ಸೇತುವೆಯ ಮೇಲೆ ಗಾಡಿಗಳು ಒಂದಕ್ಕೊಂದು ತಾಗಿ ನಿಂತಿದ್ದವು. ಕಾಕಾ ಮನೆಗೆ ಫೋನ್ ಮಾಡಿ ಹೆಂಡತಿಗೆ, ಮೇಲಿನ ಮನೆಯವರನ್ನು ಕರೆದು ಗೆರೆ ತೋರಿಸಿಯೇ ಸೂಜಿ ಹಾಕಿಕೋ ಎಂದರು. ಮೇಲಿನ ಮನೆ ನಮ್ಮದು. ಗೆರೆ ನೋಡಿ "ಹದಿನೆಂಟು" ಎಂದದ್ದು ನನ್ನ ಗಂಡ. ಅಡಾಜಣ್‌ನ ಆ ಕಟ್ಟಡದ ಮೂರನೆಯ ಮಹಡಿಯಲ್ಲಿ ನಾವು ಕರೆಗಂಟೆ ಒತ್ತಿದಾಗ ಏಳೂ ಐದು.

ಬಾಗಿಲು ನಾಲ್ಕು ಬೆರಳಗಲ ತೆರೆಯಿತು. ಒಳಗಿನ ಸರಪಳಿ ಹಾಗೇ ಇತ್ತು. ಸಂದಿಯಲ್ಲಿ ಎಪ್ಪತ್ತು ದಾಟಿದ ಒಬ್ಬ ತೆಳು ಮುದುಕಿ, ಹತ್ತಿ ಸೀರೆ, ಹಣೆಗೆ ಎತ್ತಿಟ್ಟ ಕನ್ನಡಕ.

"ಕೋಣ್?"

ಕಾಕಾ ಗುಜರಾತಿಯಲ್ಲಿ ಮಾತಾಡಿದರು. ರೈಲ್ವೆಯ ಗುಜರಾತಿ, ಹುಬ್ಬಳ್ಳಿಯ ಲಯ. ಬಾ, ನಿಮಗೆ ಇವತ್ತು ಸಿರಿಂಜಿನ ಪೆಟ್ಟಿಗೆ ಬಂದಿದೆ. ತಪ್ಪು ಪೆಟ್ಟಿಗೆ. ನಾವು ಆ ಅಂಗಡಿಯವರು. ಅಲ್ಲಿ ವಯಸ್ಸಾದ ಹೆಂಗಸನ್ನು ಬಾ, ಅಂದರೆ ತಾಯಿ, ಎಂದೇ ಕರೆಯುವುದು.

ಬಾ ಅವರ ಮುಖ ಗಂಟಿಕ್ಕಿತು. ಅಂಗಡಿಯವರು ಅಂತ ಬರುವವರಿಗೆ ಬಾಗಿಲು ತೆರೆಯಬೇಡ ಅಂತ ಸೊಸೆ ಹೇಳಿದ್ದಾಳೆ. ಪಕ್ಕದ ಕಟ್ಟಡದಲ್ಲಿ ಹೀಗೇ ಬಂದು ಕಾರ್ಡು ಕೇಳಿದರಂತೆ. ನಡೀರಿ.

ನಾನು ಗುರುತಿನ ಚೀಟಿ ತೋರಿಸಿದೆ. "ಅಂಥವು ಸ್ಟೇಷನ್ ಹತ್ತಿರ ಮಾಡಿಕೊಡುತ್ತಾರೆ" ಎಂದರು ಬಾ. ಕಿತ್ತಳೆ ಮುಚ್ಚಳದ ಪೊಟ್ಟಣವನ್ನು ಸಂದಿಯಲ್ಲಿ ಚಾಚಿದೆ. ಅದನ್ನು ಕೈಯಿಂದ ಮುಟ್ಟಲೂ ಇಲ್ಲ. ಅವರ ಹಿಂದೆ ಊಟದ ಮೇಜು ಕಾಣುತ್ತಿತ್ತು. ಮೇಲೆ ಬಟ್ಟಲು ಮುಚ್ಚಿದ ತಟ್ಟೆ, ಪಕ್ಕದಲ್ಲಿ ಚಿಕ್ಕ ಸೀಸೆ, ಬಿಚ್ಚಿದ ಪೆಟ್ಟಿಗೆ, ಒಂದು ಸಿರಿಂಜು.

"ಇವತ್ತು ತೆಗೆದುಕೊಂಡಿರಾ?" ಎಂದು ಕಾಕಾ ಕೇಳಿದರು.

"ಹಮಣಾಂ ಜ." ಇನ್ನೇನು ಈಗಲೇ ತೆಗೆದುಕೊಳ್ಳುವವಳಿದ್ದೆ, ಎಂದರು ಬಾ. ಬಾಗಿಲು ಮುಚ್ಚತೊಡಗಿದರು.

ಕಾಕಾ ಬಾಗಿಲಿಗೆ ಕೈ ಕೊಡಲಿಲ್ಲ. ಎರಡು ಹೆಜ್ಜೆ ಹಿಂದಕ್ಕೆ ಸರಿದು ಮೆಟ್ಟಿಲ ಬಳಿ ನಿಂತರು. ನನಗೂ ಹಿಂದೆ ಸರಿಯಲು ಸನ್ನೆ ಮಾಡಿದರು.

"ಬಾಗಿಲು ತೆರೆಯಬೇಡಿ ಬಾ. ಸೊಸೆ ಹೇಳಿದ್ದು ಸರಿ. ನಮ್ಮನ್ನು ನಂಬಲೂ ಬೇಡಿ. ಒಂದೇ ಕೆಲಸ ಮಾಡಿ. ಕನ್ನಡಕ ಹಾಕಿಕೊಂಡು ಸೀಸೆಯ ಮೇಲಿರುವ ಅಂಕಿ ನೋಡಿ ನನಗೆ ಹೇಳಿ. ಆಮೇಲೆ ಸಿರಿಂಜಿನ ಪೆಟ್ಟಿಗೆಯ ಮೇಲಿರುವುದನ್ನು ಹೇಳಿ. ನಾನು ಹೇಳಿದ್ದನ್ನಲ್ಲ. ನಿಮಗೆ ಕಂಡದ್ದನ್ನು."

ಬಾಗಿಲು ಮುಚ್ಚಿತು. ಚಿಲಕದ ಸದ್ದು. ಕಾಕಾ ಮಣಿಕಟ್ಟು ನೋಡಲಿಲ್ಲ. ನಾನು ನೋಡಿದೆ: ಏಳೂ ಹನ್ನೊಂದು. ಒಳಗೆ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಏನೂ ಇಲ್ಲ. ನಾನು ಮತ್ತೆ ಗಂಟೆ ಒತ್ತಲು ಕೈ ಎತ್ತಿದೆ. ಕಾಕಾ ತಲೆಯಾಡಿಸಿ ಬೇಡವೆಂದರು.

ಮುಚ್ಚಿದ ಬಾಗಿಲಿನ ಆಚೆಯಿಂದ ದನಿ ಬಂತು.

"ಸೋ." ನೂರು.

ಸ್ವಲ್ಪ ತಡೆದು, ಇನ್ನಷ್ಟು ಹತ್ತಿರದಿಂದ: "ಚಾಲೀಸ್." ನಲವತ್ತು.

ಆಮೇಲೆ ಬಾಗಿಲು ಮೊದಲಿನಷ್ಟೇ ತೆರೆಯಿತು. ಬಾ ಕನ್ನಡಕದ ಒಳಗಿಂದ ನಮ್ಮಿಬ್ಬರನ್ನೂ ನೋಡಿದರು. ಎರಡೂ ಒಂದೇ ಇರಬೇಕಲ್ಲವೇ ಎಂದರು. ಹೌದು ಎಂದರು ಕಾಕಾ. ಬಾ ನಮ್ಮ ಪೊಟ್ಟಣವನ್ನು ಆಗಲೂ ತೆಗೆದುಕೊಳ್ಳಲಿಲ್ಲ. ಕಾವಲುಗಾರನನ್ನು ಕೂಗಿ, ಕೆಳಗಿನ ಔಷಧದ ಅಂಗಡಿಯಿಂದ ನೂರರ ಸಿರಿಂಜು ತರಿಸಿದರು. ಅದನ್ನೂ ಸೀಸೆಯನ್ನೂ ಅಕ್ಕಪಕ್ಕ ಹಿಡಿದು ನೋಡಿ, ಆಮೇಲೆ ಕಾಕಾ ಅವರ ಫೋನ್ ಸಂಖ್ಯೆ ಕೇಳಿ ತಪ್ಪು ಪೆಟ್ಟಿಗೆಯ ಮೇಲೆಯೇ ಬರೆದುಕೊಂಡರು. "ಸೊಸೆ ಬಂದ ಮೇಲೆ ನಿಮ್ಮನ್ನು ವಿಚಾರಿಸಿಕೊಳ್ಳುತ್ತೇನೆ. ಕಳ್ಳರಾಗಿದ್ದರೆ ಪೊಲೀಸಿಗೆ ಕೊಡುತ್ತೇನೆ" ಎಂದರು. ಸರಪಳಿಯ ಕೆಳಗಿಂದ ಎರಡು ಲೋಟ ನೀರು ಬಂತು.

ಮೆಟ್ಟಿಲು ಇಳಿಯುವಾಗ ಕಾಕಾ ಕಟಾಂಜನ ಹಿಡಿದುಕೊಂಡರು. "ಚಲೋ ಹೆಣಮಗಳು. ಬಾಗಿಲಾ ತಗೀಲಿಲ್ಲ ನೋಡು" ಎಂದರು.

ಸೋಮವಾರ ಅಹಮದಾಬಾದಿಗೆ ನಮ್ಮಿಬ್ಬರನ್ನೂ ಕರೆಸಿದರು. ಕಾಕಾ ಉದ್ದ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದರು. ಸಭೆಯಲ್ಲಿ ಮೊದಲು ತಮ್ಮ ತಪ್ಪು ಹೇಳಿದರು: ಕಾಗದ ಕತ್ತರಿಸಿದೆ ಎಂದುಕೊಂಡದ್ದು. ಆಮೇಲೆ ನನ್ನ ತಪ್ಪು ಹೇಳಿದರು. ನನ್ನನ್ನು ಉಳಿಸಲೂ ಇಲ್ಲ, ಅದನ್ನು ದೊಡ್ಡದು ಮಾಡಲೂ ಇಲ್ಲ. ಆಮೇಲೆ ಹೊಸ ವ್ಯವಸ್ಥೆಯ ಕಲಮಿನಲ್ಲಿ ಎಷ್ಟು ಅಕ್ಷರ ಹಿಡಿಯುತ್ತದೆ ಎಂದು ಯಾರು ನೋಡಿದ್ದರು ಎಂದು ಕೇಳಿದರು.

ನಾನೂ ಹೇಳಿದೆ. ನೋಡಿದವರ ಕಲಮಿನಲ್ಲಿರುವ ಸಹಿ ನನ್ನದು. ನಾನು ನೋಡಿರಲಿಲ್ಲ.

ವ್ಯವಸ್ಥಾಪಕರು ಕಂಪನಿಯ ಪರಿಶೀಲನಾ ನಮೂನೆಯನ್ನು ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿದ್ದದ್ದು ಒಂದೇ ಕಲಮು: ಪರಿಶೀಲಿಸಿದವರು. ಹಿಂದಿಯಲ್ಲಿ ಹೇಳಿದರು, "ಎರಡನೆಯ ಮನುಷ್ಯ ಪ್ರೊಸೆಸ್‌ನಲ್ಲಿ ಇಲ್ಲವೇ ಇಲ್ಲ, ಮೇಡಮ್. ಈ ಪುಸ್ತಕ ಕಾಕಾ ಮನೆಯಿಂದ ತಂದದ್ದು. ಇದನ್ನು ನಾನು ಹೇಗೆ ದಾಖಲೆ ಅನ್ನಲಿ?"

"ಸಿಗ್ನಲ್ ಮುಂದ ಇಬ್ಬರು ಇರತಾರ್ರಿ" ಎಂದರು ಕಾಕಾ ಕನ್ನಡದಲ್ಲಿ. ಆ ಕೋಣೆಯಲ್ಲಿ ಅದು ಅರ್ಥವಾದದ್ದು ನನಗೊಬ್ಬಳಿಗೆ. ಹಿಂದಿಯಲ್ಲಿ ಮತ್ತೆ ಹೇಳಲಿಲ್ಲ.

ಶನಿವಾರ ಪತ್ರ ಬಂತು. ಕಾಕಾ ಓದುತ್ತಿದ್ದ ಸಾಲು ಮುಗಿಸಿ, ಪೆನ್ಸಿಲ್ ಇಟ್ಟು, ಪತ್ರವನ್ನು ಎರಡು ಸಲ ಓದಿದರು. ಡಬ್ಬಿ, ಕನ್ನಡಕದ ಪೆಟ್ಟಿಗೆ, ಪುಸ್ತಕ ಚೀಲಕ್ಕೆ ಹಾಕಿಕೊಂಡರು. ನಾನು ಬಾಗಿಲವರೆಗೂ ಹೋದೆ. "ಅಳಬ್ಯಾಡ, ಮ್ಯಾಲಿನ ಮನ್ಯಾಗ ಅದೀ, ಹುಬ್ಬಳ್ಳಿಗೇನ ಹೊಂಟಿಲ್ಲ ನಾನು" ಎಂದರು. ನಾನು ಅಳುತ್ತಿರಲಿಲ್ಲ. ಅದನ್ನೂ ಅವರು ನೋಡದೆ ಹೇಳಿದ್ದರು. ತಮ್ಮ ಶೂ ಕಟ್ಟಿಕೊಳ್ಳುತ್ತಿದ್ದರು.

ಅದೇ ದಿನ ನಾನು ಮುಖ್ಯ ಕಚೇರಿಗೆ ಒಂದು ಪತ್ರ ಬರೆದೆ. ಲೋಪದಲ್ಲಿ ನನ್ನ ಪಾಲು ಇಂಥದ್ದು, ದಾಖಲೆಯಲ್ಲಿ ಸೇರಿಸಿ ಎಂದು. ಸ್ವೀಕೃತಿ ಬಂದಿದೆ. ಉತ್ತರ ಬಂದಿಲ್ಲ. ವಿಳಾಸದ ಕಲಮನ್ನು ಅಗಲ ಮಾಡಿದ್ದಾರೆ. ಪರಿಶೀಲನಾ ನಮೂನೆಯಲ್ಲಿ ಈಗಲೂ ಒಂದೇ ಕಲಮು.

ಕಾಕಾ ಅವರನ್ನು ಬಾ ಪೊಲೀಸಿಗೆ ಕೊಡಲಿಲ್ಲ. ನಾವು ಸೂರತ್‌ಗೆ ಹೋಗಿಬಂದ ಭಾನುವಾರವೇ ಸೊಸೆ ಫೋನ್ ಮಾಡಿ ವಿಚಾರಿಸಿಕೊಂಡಿದ್ದರು; ಮುಂದಿನ ತಿಂಗಳು ಬಾ ತಾವೇ ಮಾಡಿದರು. ಅಂದಿನಿಂದ ಸಿರಿಂಜು ತರಿಸುವ ದಿನ ಅವರು ಫತೇಗಂಜ್‌ಗೆ ಫೋನ್ ಮಾಡುತ್ತಾರೆ. ಕಾಕಾ ತಮ್ಮ ಮನೆಯ ಮೇಜಿನಲ್ಲಿ ಕೂತು ಹೆಸರು, ಅಳತೆ, ವಿಳಾಸದ ಕೊನೆಯ ಅಂಕಿ ಓದುತ್ತಾರೆ. ಬಾ ಸೊಸೆಯ ಮೊಬೈಲಿನ ಪರದೆ ನೋಡಿ ಕಂಡದ್ದನ್ನು ಹೇಳುತ್ತಾರೆ. ಆಮೇಲೆ ಒತ್ತುತ್ತಾರೆ.

ಈ ತಿಂಗಳ ಎರಡನೆಯ ಸೋಮವಾರ ಬೆಳಿಗ್ಗೆ ಫೋನ್ ಬಂತು. ಬುಧವಾರ ಪೆಟ್ಟಿಗೆ ಅಡಾಜಣ್ ತಲುಪಿತು, ಮುಚ್ಚಳ ಕಿತ್ತಳೆ. ಕಾಕಾ ಅವರ ಉದ್ದ ಪುಸ್ತಕದಲ್ಲಿ ಆ ದಿನದ ಸಾಲಿನ ಎರಡೂ ಕಲಮು ತುಂಬಿವೆ. ಓದಿದವರು: ಅವರ ಸಹಿ. ನೋಡಿದವರು: ಬಾ, ಸೂರತ್.